ಎಚ್‌ಐವಿಗೆ ಬಡತನ ಕಾರಣವೋ, ಬಡತನಕ್ಕೆ ಎಚ್‌ಐವಿ ಕಾರಣವೋ?

ಬಡತನ ನೀಗಿದರೆ ಎಚ್‌ಐವಿ ತಾನಾಗಿಯೇ ಕಡಿಮೆಯಾಗುವುದಿಲ್ಲವೇ, ಈ ರೋಗಕ್ಕೂ ದೇಶದ ಅಭಿವೃದ್ಧಿಗೂ ನಿಜಕ್ಕೂ ಸಂಬಂಧವಿದೆಯೇ ಎಂದು ಕೇಳಿದ್ದೀರಿ. ನಾನು ಅರ್ಥಶಾಸ್ತ್ರ ಓದಿದವನಲ್ಲ. ಬಾಗಲಕೋಟೆ ಜಿಲ್ಲೆಯಲ್ಲಿ ಕೆಲವು ವರ್ಷ ಎಚ್‌ಐವಿ ಆಪ್ತಸಮಾಲೋಚಕನಾಗಿ ದುಡಿದವನು. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ‘ಇಲ್ಲ’ ಎಂದೇ. ಎರಡನೆಯದಕ್ಕೆ ‘ಇದೆ’, ಆದರೆ ಸಾಮಾನ್ಯವಾಗಿ ಹೇಳುವ ರೀತಿಯಲ್ಲಿ ಅಲ್ಲ.

ಬೋಟ್ಸ್ವಾನಾವನ್ನು ನೋಡಿ. 1966ರಲ್ಲಿ ಸ್ವತಂತ್ರವಾದಾಗ ಜಗತ್ತಿನ ಕಡುಬಡ ದೇಶಗಳಲ್ಲಿ ಒಂದಾಗಿದ್ದ ಅದು, ಮರುವರ್ಷ ಒರಾಪಾದಲ್ಲಿ ವಜ್ರ ಸಿಕ್ಕ ಮೇಲೆ ಆಫ್ರಿಕಾದಲ್ಲಿಯೇ ವೇಗವಾಗಿ ಬೆಳೆದ ದೇಶವಾಯಿತು. ಶಾಲೆ, ರಸ್ತೆ, ಆಸ್ಪತ್ರೆಗಳು ಬಂದವು. ಎಚ್‌ಐವಿಯ ಹೊಡೆತ ಅತಿ ಹೆಚ್ಚು ಬಿದ್ದ ದೇಶಗಳಲ್ಲಿಯೂ ಅದೇ ಮುಂದಿತ್ತು. ಅಲ್ಲಿನ ಕುಟುಂಬಕ್ಕೆ ಹುಟ್ಟೂರಲ್ಲಿ ಮನೆ, ದೂರದಲ್ಲಿ ಹೊಲ, ಇನ್ನೂ ದೂರದಲ್ಲಿ ದನಗಳ ದೊಡ್ಡಿ ಇರುವುದು ಹಳೆಯ ಪದ್ಧತಿ. ಅದಕ್ಕೆ ಪಟ್ಟಣದ ನೌಕರಿಯೂ ಗಣಿಯ ದುಡಿಮೆಯೂ ಸೇರಿಕೊಂಡವು. ಹೊಸ ರಸ್ತೆಗಳ ಮೇಲೆ ಜನ ಓಡಾಡಿದರು, ಗಂಡಹೆಂಡಿರು ತಿಂಗಳುಗಟ್ಟಲೆ ಬೇರೆಬೇರೆ ಊರುಗಳಲ್ಲಿ ಉಳಿದರು. 60ರ ಆಸುಪಾಸಿನಲ್ಲಿದ್ದ ಸರಾಸರಿ ಆಯುಷ್ಯ 2000ದ ಹೊತ್ತಿಗೆ 50ರ ಹತ್ತಿರಕ್ಕೆ ಕುಸಿಯಿತು. ಆಗಿನ ಅಧ್ಯಕ್ಷ ಫೆಸ್ಟಸ್ ಮೊಗೆ ತಮ್ಮ ಜನಾಂಗವೇ ಅಳಿದುಹೋಗುವ ಅಪಾಯವಿದೆ ಎಂದು ಬಹಿರಂಗವಾಗಿ ಹೇಳಿದರು. ವಜ್ರದ ಆದಾಯ ಮಾತ್ರ ಬರುತ್ತಲೇ ಇತ್ತು. ತಲಾ ಆದಾಯವನ್ನಷ್ಟೇ ನೋಡುವವರಿಗೆ ಆ ದೇಶ ಚೆನ್ನಾಗಿಯೇ ಕಾಣುತ್ತಿತ್ತು ಎಂಬುದನ್ನು ನಾನು ಇಂದಿಗೂ ಮರೆತಿಲ್ಲ.

ನಮ್ಮ ಜಿಲ್ಲೆಯ ಕತೆಗೂ ಇದಕ್ಕೂ ಹೋಲಿಕೆ ಇದೆ, ವಜ್ರವೊಂದನ್ನು ಬಿಟ್ಟು. 2003ರಲ್ಲಿ ಬಾಗಲಕೋಟೆಯಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ ವಯಸ್ಕರ ಪೈಕಿ ನೂರಕ್ಕೆ ಸುಮಾರು ಮೂವರಲ್ಲಿ ಸೋಂಕು ಕಂಡುಬಂದಿತ್ತು, ಅದೂ ಪಟ್ಟಣಗಳಿಗೆ ಸೀಮಿತವಾಗಿರದೆ ಹಳ್ಳಿಹಳ್ಳಿಗಳಲ್ಲಿ. ಮಳೆ ಕೈಕೊಟ್ಟ ವರ್ಷ ಗೋವಾ, ಸಾಂಗ್ಲಿ, ಪುಣೆ, ಮುಂಬೈ ಕಡೆಗೆ ಗುಳೆ ಹೋಗುವುದು ಇಲ್ಲಿ ಸಂಪ್ರದಾಯದಷ್ಟು ಹಳೆಯದು. 1982ರ ಕಾಯ್ದೆ ದೇವದಾಸಿ ಪದ್ಧತಿಯನ್ನು ನಿಷೇಧಿಸಿದರೂ, ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಲೈಂಗಿಕ ದುಡಿಮೆಗೆ ಬಿದ್ದ ಹೆಣ್ಣುಮಕ್ಕಳಿಗೆ ಹೊಲವನ್ನಾಗಲಿ ಬೇರೆ ದುಡಿಮೆಯನ್ನಾಗಲಿ ಅದು ತಂದುಕೊಡಲಿಲ್ಲ. ವೈರಾಣು ಬಡವರನ್ನೇ ಹುಡುಕಿಕೊಂಡು ಬರುವುದಿಲ್ಲ. ದುಡಿಯಲು ಹೋದವನ ಜತೆ ಊರಿಗೆ ಬಂದು, ‘ಬೇಡ’ ಎನ್ನಲಾಗದವಳ ಬಳಿ ನೆಲೆಸುತ್ತದೆ.

ಮನೆಯೊಳಗೆ ಬಂದ ಮೇಲೆ ನಡೆಯುವುದೇ ಬೇರೆ. ಒಮ್ಮೆ ಮೂವತ್ತರ ಹರೆಯದ ವಿಧವೆಯೊಬ್ಬರನ್ನು ‘ಆಸ್ತಿ ಏನಿದೆ’ ಎಂದು ಕೇಳಿದಾಗ ಅವರು ಇದ್ದದ್ದನ್ನು ಬಿಟ್ಟು, ಕೈಬಿಟ್ಟು ಹೋದದ್ದನ್ನು ಎಣಿಸತೊಡಗಿದರು. “ಮೊದಲು ಎತ್ತು ಹೋದುವ್ರೀ, ಆಮ್ಯಾಲ ಹೊಲ ಲಾವಣಿಗೆ ಹಾಕಿದ್ವಿ, ಆಮ್ಯಾಲ ಬೆಂಡೋಲಿ” ಎಂದು, ಕಿವಿಯೋಲೆಯವರೆಗೆ, ಒಂದೊಂದಕ್ಕೂ ಒಂದೊಂದು ಬೆರಳು ಮಡಿಚಿದರು. ನಾಲ್ಕನೆಯ ಬೆರಳು, ಏಳನೇ ಇಯತ್ತೆಯಿಂದ ಬಿಡಿಸಿ ಕಳೆ ಕೀಳಲು ಕಳಿಸಿದ ಮಗಳು. ಗಂಡ ಸತ್ತ ಮೇಲೆ ಅವನ ಮನೆಯವರು ಪಾಲು ಕೊಡಲಿಲ್ಲ. ‘ನೀನೇ ತಂದಿದ್ದು’ ಎಂದು ತವರಿಗೆ ಅಟ್ಟಿದರು. ರೋಗ ತಂದದ್ದು ಯಾರು ಎಂಬುದು ಇಡೀ ಊರಿಗೆ ಗೊತ್ತಿತ್ತು, ಆ ಮಾತು ಬೇರೆ.

ಇಂಥ ಮನೆಗಳನ್ನು ಲಕ್ಷಗಟ್ಟಲೆ ಕೂಡಿಸಿದರೆ ಅದೇ ದೇಶದ ಲೆಕ್ಕ. ಬಹುತೇಕ ರೋಗಗಳು ಎಳೆಯರನ್ನೋ ಮುಪ್ಪಿನವರನ್ನೋ ಒಯ್ಯುತ್ತವೆ. ಏಡ್ಸ್ ಒಯ್ದದ್ದು ದುಡಿಯುವ, ಹೆರುವ, ಕಲಿಸುವ ವಯಸ್ಸಿನವರನ್ನು. ಜಾಂಬಿಯಾದಲ್ಲಿ 1998ರಲ್ಲಿ ತೀರಿಕೊಂಡ ಶಿಕ್ಷಕರು, ಒಂದು ವರ್ಷದಲ್ಲಿ ತರಬೇತಿ ಮುಗಿಸಿ ಬರುವ ಹೊಸ ಶಿಕ್ಷಕರ ಮೂರನೇ ಎರಡರಷ್ಟಿದ್ದರು. ಅಜ್ಜಿಯರು ಮೊಮ್ಮಕ್ಕಳನ್ನು ಸಾಕಿದರು. ಅಪ್ಪನಿಂದ ಮಗ ಕಲಿಯಬೇಕಿದ್ದ ಬೇಸಾಯ ಅಪ್ಪನ ಜತೆಗೇ ಮಣ್ಣಾಯಿತು. ಈ ನಷ್ಟ ರಾಷ್ಟ್ರೀಯ ಆದಾಯದ ಅಂಕಿಯಲ್ಲಿ ಆ ವರ್ಷವೇ ಕಾಣಿಸದೆ, ಹದಿನೈದಿಪ್ಪತ್ತು ವರ್ಷಗಳ ನಂತರ ಓದು ಬಿಟ್ಟ ಒಂದು ತಲೆಮಾರಾಗಿ ಕಾಣಿಸುತ್ತದೆ.

ಹಾಗಾದರೆ ಸಾವು ಕಡಿಮೆಯಾದದ್ದು ಜನರು ಶ್ರೀಮಂತರಾದದ್ದರಿಂದಲೇ? ಖಂಡಿತ ಅಲ್ಲ, ಔಷಧ ಅಗ್ಗವಾದದ್ದರಿಂದ. ವರ್ಷಕ್ಕೆ 10,000 ಡಾಲರ್‌ಗೂ ಹೆಚ್ಚು ತಗಲುತ್ತಿದ್ದ ಮೂರು ಔಷಧಗಳ ಚಿಕಿತ್ಸೆಯನ್ನು 2001ರಲ್ಲಿ ನಮ್ಮ ಸಿಪ್ಲಾ ಕಂಪನಿ 350 ಡಾಲರ್‌ಗೆ ಕೊಡುವುದಾಗಿ ಹೇಳಿತು. ಔಷಧವೆಂಬ ವಸ್ತುವಿಗೇ ಪೇಟೆಂಟ್, ಅಂದರೆ ಒಬ್ಬರೇ ತಯಾರಿಸುವ ಹಕ್ಕು, ಕೊಡದಿದ್ದ 1970ರ ಭಾರತೀಯ ಕಾಯ್ದೆಯಿಂದ ಅದು ಸಾಧ್ಯವಾಯಿತು. ಬೋಟ್ಸ್ವಾನಾ 2002ರಲ್ಲಿಯೇ ಸರ್ಕಾರದಿಂದ ಉಚಿತ ಔಷಧ ಕೊಡತೊಡಗಿತು. ಆ ಔಷಧವನ್ನು ಜಗತ್ತಿಗೆ ಅಗ್ಗ ಮಾಡಿದ ನಮ್ಮಲ್ಲಿ ಅದು ಶುರುವಾದದ್ದು 2004ರ ಏಪ್ರಿಲ್ 1ರಂದು, ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳ ಬೆರಳೆಣಿಕೆಯ ಆಸ್ಪತ್ರೆಗಳಲ್ಲಿ. ಅಷ್ಟರವರೆಗೆ, 350 ಡಾಲರ್ ಅಂದರೆ ಸುಮಾರು 16,000 ರೂಪಾಯಿ, ನಮ್ಮ ಕೂಲಿಕಾರ್ತಿಯೊಬ್ಬಳ ಇಡೀ ವರ್ಷದ ದುಡಿಮೆಗಿಂತ ಹೆಚ್ಚೇ ಆಗಿತ್ತು.

ಗುಳಿಗೆ ಉಚಿತವಾದ ಮೇಲೂ ಬಡತನ ಅಡ್ಡ ಬರುವುದು ನಿಂತಿರಲಿಲ್ಲ. ಎಆರ್‌ಟಿ ಸೆಂಟರ್‌ಗೆ, ಅಂದರೆ ಎಚ್‌ಐವಿಯ ಉಚಿತ ಔಷಧ ಕೊಡುವ ಕೇಂದ್ರಕ್ಕೆ, ಬರುವವರ ಡಬ್ಬಿಯಲ್ಲಿ ಉಳಿದ ಗುಳಿಗೆ ಎಣಿಸುವುದು ನಮ್ಮ ಕೆಲಸಗಳಲ್ಲಿ ಒಂದು. ಲೆಕ್ಕ ತಪ್ಪಿದವರಿಗೆ ಬುದ್ಧಿ ಹೇಳುತ್ತಿದ್ದ ನನಗೆ, ಹಲವರು ತಡವಾಗಿ ಬರುವುದು ಅಸಡ್ಡೆಯಿಂದಲ್ಲ, ಬಸ್ಸಿನ ಚಾರ್ಜಿಗೆ ಕೂಲಿ ಬಟವಾಡೆಯ ದಿನ ಕಾಯುವುದರಿಂದ ಎಂದು ತಿಳಿಯಲು ವರ್ಷವೇ ಬೇಕಾಯಿತು. 2023ರ ಜೂನ್‌ನಲ್ಲಿ ಬಂದ, ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆಯನ್ನು ಎಚ್‌ಐವಿಗಾಗಿ ಯಾರೂ ರೂಪಿಸಲಿಲ್ಲ. ಆದರೂ ಬೆರಳು ಮಡಿಚಿ ಲೆಕ್ಕ ಹೇಳಿದ ಆ ತಾಯಿ ಈಗ ಆಧಾರ್ ಕಾರ್ಡ್ ತೋರಿಸಿ ಬಸ್ಸು ಹತ್ತುತ್ತಾರೆ, ತಾರೀಖು ತಪ್ಪಿಸುವುದಿಲ್ಲ. ಬಂದ ದಿನದ ಕೂಲಿ ಮಾತ್ರ ಈಗಲೂ ಹೋಗುತ್ತದೆ.