ಓದುಗರ ಪ್ರಶ್ನೆ: ಕ್ಷೇತ್ರಕಾರ್ಯಕ್ಕೆ ಜಾಗ ಸಿಗುತ್ತಿಲ್ಲ

ಪ್ರಶ್ನೆ: ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಮೊದಲ ವರ್ಷದಲ್ಲಿದ್ದೇನೆ. ರಕ್ಷಣೆ ಬೇಕಾದ ಮಕ್ಕಳನ್ನು ಇರಿಸುವ ಸರ್ಕಾರಿ ಬಾಲಮಂದಿರದಲ್ಲಿ ಕ್ಷೇತ್ರಕಾರ್ಯ ಮಾಡುವಾಸೆ. ಫೋನ್ ಮಾಡಿದರೆ ಯಾರೂ ಸರಿಯಾಗಿ ಉತ್ತರಿಸುವುದಿಲ್ಲ. ಏನು ಮಾಡಲಿ?

ಉತ್ತರ: ಇಲ್ಲಿ ಫೋನ್ ಕೆಲಸಕ್ಕೆ ಬರುವುದಿಲ್ಲ, ಕಾಗದ ಬೇಕು. ಮೇಲಿನ ಅನುಮತಿಯಿಲ್ಲದೆ ಅಧೀಕ್ಷಕರು ಹೊರಗಿನವರನ್ನು ಒಳಬಿಡಲಾರರು. ಅದು ಮಕ್ಕಳ ರಕ್ಷಣೆಗಾಗಿಯೇ. ವಿಭಾಗದ ಮುಖ್ಯಸ್ಥರಿಂದ ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿಗೆ ಪತ್ರ ಬರೆಸಿ, ಒಂದೂವರೆ ತಿಂಗಳು ಮೊದಲೇ ಖುದ್ದಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪತ್ರದಲ್ಲಿ ವಾರದ ಯಾವ ಎರಡು ದಿನ, ಎಷ್ಟು ಗಂಟೆ, ಯಾವ ತಾರೀಖಿನವರೆಗೆ, ಮೇಲ್ವಿಚಾರಣೆ ಮಾಡುವ ಅಧ್ಯಾಪಕರು ಯಾರು ಎಂಬುದಿರಲಿ. ‘ಅವಕಾಶ ಕೊಡಿ’ ಎಂದಷ್ಟೇ ಬರೆದ ಪತ್ರ ಕಡತದಲ್ಲೇ ಉಳಿಯುತ್ತದೆ.

ಭೇಟಿಯಲ್ಲಿ ಒಂದು ಮಾತು ಕೇಳಲೇಬೇಕು: ಸಂಸ್ಥೆಯಲ್ಲಿ ನಿಮಗೆ ವಾರಕ್ಕೊಂದು ಗಂಟೆ ಮಾರ್ಗದರ್ಶನ ಕೊಡುವವರು ಯಾರು? ಆ ಹೆಸರು ಗೊತ್ತಾಗದಿದ್ದರೆ ಸೆಮಿಸ್ಟರ್ ಪೂರ್ತಿ ರಿಜಿಸ್ಟರ್ ಬರೆಯುವುದರಲ್ಲೇ ಕಳೆಯುತ್ತದೆ, ವ್ಯಕ್ತಿಗತ ಕಾರ್ಯ (ಒಬ್ಬೊಬ್ಬರ ಸಮಸ್ಯೆ ಅರಿತು ನೆರವಾಗುವ ಕೆಲಸ, ಕೇಸ್‌ವರ್ಕ್) ಕಲಿಯುವುದೇ ಇಲ್ಲ.

ಇನ್ನು ವರದಿ. ಬಾಲನ್ಯಾಯ ಕಾಯ್ದೆ 2015ರ 74ನೇ ಕಲಮು ಮಗುವಿನ ಗುರುತು ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ. ಹೆಸರಿನ ಬದಲು ‘ಮಗು 1’ ಎನ್ನಿ. ಊರು, ಶಾಲೆ ಬರೆಯಬೇಡಿ, ಫೋಟೊ ತೆಗೆಯಲೇಬೇಡಿ. ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಿದ ಒಂದು ಚಿತ್ರ ಆ ಮಗುವಿಗೆ ದೊಡ್ಡ ಅಪಾಯ ತರಬಲ್ಲದು.