ಹೊಸ ಹುಂಜ ಬಂದ ಮೇಲೆ ಮರಿಗೆ ಮೊಟ್ಟೆ ಯಾವಾಗ ಇಡಬೇಕು?

ಹಳೇ ಹುಂಜ ಕೊಟ್ಟು ನಾಲ್ಕು ದಿನ ಆಯ್ತು, ಹೊಸದನ್ನ ಇವತ್ತೇ ಎಂಟು ಹೇಂಟೆಗಳ ಜೊತೆ ಬಿಡಬಹುದಾ, ಗೂಡಿನ ಪಕ್ಕ ಗಿಡ ನೆಡಬಹುದಾ ಅಂತ ಕೇಳಿದ್ದೀರಿ. ಇವತ್ತು ಬಿಡಬೇಡಿ. 30 ದಿನ ದೂರದಲ್ಲಿ ಬೇರೆ ಇಡಿ. ಒಂದೇ ಗೂಡಿಗೆ ಜಾಲರಿ ಅಡ್ಡ ಕಟ್ಟಿದರೆ ಅದು ಕ್ವಾರಂಟೈನ್ ಆಗಲ್ಲ. ದಿನಾ ಮೊದಲು ಹಳೇ ಕೋಳಿಗಳ ಕೆಲಸ ಮುಗಿಸಿ, ಆಮೇಲೆ ಹೊಸದರ ಹತ್ತಿರ ಹೋಗಿ. ನೀರಿನ ಬಟ್ಟಲು, ಚಪ್ಪಲಿ ಎರಡೂ ಬೇರೆ ಇರಲಿ.

ರಾತ್ರಿ ಟಾರ್ಚ್ ಹಿಡಿದು ಬಾಲದ ಕೆಳಗಿನ ಪುಕ್ಕ ಬಿಡಿಸಿ ನೋಡಿ. ಬುಡಕ್ಕೆ ಬಿಳಿ ಗಂಟು ಅಂಟಿದ್ದರೆ ಅದು ಹೇನಿನ ಸೀರು. ಕಾಲಿನ ಹುರುಪೆ ಎದ್ದು ನಿಂತಿದ್ದರೆ ನುಸಿ. ಇವೆರಡಕ್ಕೂ ಮದ್ದಿದೆ. ಉಸಿರಲ್ಲಿ ಗೊರಗೊರ, ಕಣ್ಣಲ್ಲಿ ನೊರೆ ಕಂಡರೆ ಮಾತ್ರ ಪರೀಕ್ಷೆ ಮಾಡಿಸದೆ ಸೇರಿಸಬೇಡಿ. ಅದು ಮೈಕೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾದ ಉಸಿರಾಟದ ರೋಗ ಆಗಿದ್ದರೆ ವಾಸಿಯಾದಂತೆ ಕಂಡ ಹುಂಜವೂ ರೋಗ ಹೊತ್ತಿರುತ್ತೆ, ಮೊಟ್ಟೆಯ ಮೂಲಕ ಮರಿಗೂ ದಾಟಬಹುದು.

ಕಾದರೆ ನಿಮಗೇ ಲಾಭ. ಹಳೇ ಹುಂಜದ ವೀರ್ಯ ಹೇಂಟೆಯೊಳಗೆ ಎರಡು ಮೂರು ವಾರ ಉಳಿಯುತ್ತೆ, ಅಷ್ಟರಲ್ಲಿ ಅದೂ ಮುಗಿದಿರುತ್ತೆ. ಜೊತೆಗೆ ಬಿಟ್ಟು ಒಂದು ವಾರ ಕಳೆದ ಮೇಲಿನ ಮೊಟ್ಟೆ ಕೂಡಿಡಿ, ಚೂಪು ತುದಿ ಕೆಳಗೆ ಮಾಡಿ. 7 ದಿನಕ್ಕಿಂತ ಹಳೇದು ಬೇಡ.

ಗಿಡದಲ್ಲಿ ಕಣಗಿಲೆ ಬೇಡ, ವಿಷ. ಬೇರೇನೇ ನೆಟ್ಟರೂ ಕೆದಕಿ ಬೇರು ಹೊರಗೆ ಹಾಕ್ತವೆ, ಬುಡದ ಸುತ್ತ ಮುಷ್ಟಿ ಗಾತ್ರದ ಕಲ್ಲು ಜೋಡಿಸಿ. ಹಸಿ ಹಿಕ್ಕೆ ಹಾಕಿದರೆ ಗಿಡ ಸುಡುತ್ತೆ. ಒಣ ಎಲೆ ಬೆರೆಸಿ, ಪೂರ್ತಿ ಕೊಳೆತ ಮೇಲೆ ಹಾಕಿ.