ಒಂದೇ ಅಡುಗೆಮನೆಯಲ್ಲಿ ಇಬ್ಬರು

ಪ್ರಶ್ನೆ: ರಾತ್ರಿ ಅಡುಗೆಗೆ ನಾನು, ನನ್ನ ಯಜಮಾನರು ಒಟ್ಟಿಗೇ ನಿಲ್ಲುತ್ತೇವೆ. ಒಬ್ಬರಿಗೊಬ್ಬರು ಅಡ್ಡ ಬರುವುದೇ ಹೆಚ್ಚು, ಒಮ್ಮೊಮ್ಮೆ ಉಪ್ಪೂ ಎರಡು ಸಲ ಬೀಳುತ್ತದೆ. ಏನು ಮಾಡಬೇಕು?

ಉತ್ತರ: ಅಡ್ಡ ಬರುವುದು ಹೆಚ್ಚಾಗಿ ಸಿಂಕಿನ ಮುಂದೆ. ತರಕಾರಿ ತೊಳೆಯಲು, ಕೈ ತೊಳೆಯಲು, ನೀರು ಹಿಡಿಯಲು ಇಬ್ಬರೂ ಅಲ್ಲಿಗೇ ಬರುತ್ತೀರಿ. ತೊಳೆಯುವುದನ್ನೆಲ್ಲ ಮೊದಲೇ ಮುಗಿಸಿ, ಅಡುಗೆಯ ನೀರನ್ನು ಜಗ್ಗಿನಲ್ಲಿ ತುಂಬಿ ಒಲೆಯ ಪಕ್ಕದಲ್ಲಿಡಿ. ಉಪ್ಪು, ಎಣ್ಣೆ, ಸೌಟು, ಇಕ್ಕಳ ಒಲೆಯ ಮುಂದೆ ನಿಂತವರ ಕೈಗೆ ಎಟುಕಬೇಕು. ಇಬ್ಬರು ಓಡಾಡುವ ಅಡುಗೆಮನೆಗೆ ಕಟ್ಟೆಗಳ ನಡುವೆ 48 ಅಂಗುಲ, ಒಬ್ಬರಿಗಾದರೆ 42 ಎಂಬುದು ವಿನ್ಯಾಸಕಾರರ ಲೆಕ್ಕ. ಅಷ್ಟು ಜಾಗವಿಲ್ಲದಿದ್ದರೆ ಹೆಚ್ಚುವ ಕೆಲಸವನ್ನು ಊಟದ ಮೇಜಿಗೆ ಸಾಗಿಸಿಬಿಡಿ. ಮಣೆಯಡಿ ಒದ್ದೆ ಬಟ್ಟೆ ಹಾಸಿದರೆ ಜಾರದು.

ಉಪ್ಪು ಎರಡು ಸಲ ಬೀಳುವುದು ಒಂದೇ ಪಾತ್ರೆಗೆ ಇಬ್ಬರು ಒಡೆಯರಾದಾಗ. ಆದ್ದರಿಂದ ಪಾತ್ರೆಗಳನ್ನೇ ಹಂಚಿಕೊಳ್ಳಿ. ಯಾರ ಪಾತ್ರೆಯೋ ಅವರೇ ಉರಿ ನೋಡಬೇಕು, ಅವರೇ ಉಪ್ಪು ಹಾಕಬೇಕು. ಸಪ್ಪೆ ಅನ್ನಿಸಿದರೆ ಇನ್ನೊಬ್ಬರು ಹೇಳಬಹುದು, ಹಾಕಬಾರದು. ‘ಸ್ವಲ್ಪ ನೋಡ್ಕೊಳ್ಳಿ’ ಎಂದು ಆಚೆ ಹೋಗುವಾಗ ಉಪ್ಪು ಬಿದ್ದಿದೆಯೋ ಇಲ್ಲವೋ, ಉರಿ ಎಷ್ಟಿರಬೇಕು, ಯಾವಾಗ ಆರಿಸಬೇಕು ಎಂದು ಹೇಳಿಯೇ ಹೋಗಿ. ಕೈ ಬದಲಾಗುವ ಈ ಹೊತ್ತಿನಲ್ಲೇ ಅಡುಗೆ ಕೆಡುವುದು.

ಹೆಚ್ಚುವವರು ಒಲೆಯವರಿಗಿಂತ ಒಂದು ಹೆಜ್ಜೆ ಮುಂದಿರಲಿ. ಎಣ್ಣೆ ಕಾದು ಹೊಗೆಯಾಡುತ್ತಿದ್ದು, ಈರುಳ್ಳಿ ಇನ್ನೂ ಮಣೆಯ ಮೇಲೇ ಇದ್ದರೆ ಅವಸರಕ್ಕೆ ಹೋಳು ದಪ್ಪ-ತೆಳುವಾಗುತ್ತದೆ. ಬಾಣಲೆಯಲ್ಲಿ ತೆಳ್ಳಗಿನದು ಸೀದುಹೋದರೂ ದಪ್ಪದ್ದು ಹಸಿಯಾಗಿಯೇ ಉಳಿಯುತ್ತದೆ. ಮೊದಲು ಬೇಕಾದ ಎರಡು ಮೂರು ಸಾಮಾನು ಬಟ್ಟಲಿಗೆ ಬಿದ್ದ ಮೇಲೆಯೇ ಒಲೆ ಹಚ್ಚಿ.

ಚಾಕುವನ್ನು ಕೈಯಿಂದ ಕೈಗೆ ಕೊಡಬೇಡಿ. ಕಟ್ಟೆಯ ಮೇಲಿಡಿ, ಅವರೇ ತೆಗೆದುಕೊಳ್ಳಲಿ. ಕೈಜಾರಿದರೆ ಹಿಡಿಯಲು ಹೋಗದೆ ಹಿಂದೆ ಸರಿಯಿರಿ. ಬಿಸಿ ಪಾತ್ರೆಯನ್ನು ಎತ್ತುವ ಮೊದಲೇ ‘ಬಿಸಿ ಇದೆ, ಹಿಂದೆ ಬರ್ತಿದ್ದೀನಿ’ ಎಂದು ಗಟ್ಟಿಯಾಗಿ ಹೇಳಿ. ಒದ್ದೆ ಬಟ್ಟೆಯಿಂದ ಹಿಡಿಯಲೇಬೇಡಿ. ನೀರಿನ ಪಸೆ ಬಿಸಿಯನ್ನು ತಕ್ಷಣ ಕೈಗೆ ದಾಟಿಸುತ್ತದೆ. ಬಾಣಲೆಯ ಹಿಡಿ ಕಟ್ಟೆಯಾಚೆ ಚಾಚಿದ್ದರೆ ಇನ್ನೊಬ್ಬರ ಮೊಣಕೈ ತಾಗದೇ ಇರದು, ಒಳಕ್ಕೆ ತಿರುಗಿಸಿಡಿ.

ಪ್ರಶ್ನೆ: ಒಬ್ಬರು ಮಾಂಸ ಹೆಚ್ಚುವಾಗ ಇನ್ನೊಬ್ಬರು ಪಕ್ಕದಲ್ಲೇ ಹಸಿಯಾಗಿ ತಿನ್ನುವ ಸೌತೆಕಾಯಿ ಹೆಚ್ಚಬಹುದೇ?

ಉತ್ತರ: ಬೇಡ. ಮಣೆ, ಚಾಕು ಎರಡೂ ಬೇರೆಯಿರಲಿ, ಸೌತೆಕಾಯಿ ಮೊದಲು ಮುಗಿಯಲಿ. ಮಾಂಸವನ್ನು ನಲ್ಲಿಯಡಿ ತೊಳೆಯಬೇಡಿ. ಹನಿ ಸಿಡಿದು ರೋಗಾಣು ಸುತ್ತಲೂ ಹರಡುತ್ತದೆ. ಮಾಂಸ ಮುಟ್ಟಿದವರು ಸೋಪು ಹಚ್ಚಿ 20 ಸೆಕೆಂಡ್ ಕೈ ಉಜ್ಜಿ ತೊಳೆಯುವವರೆಗೆ ಉಪ್ಪಿನ ಡಬ್ಬಿ, ಫ್ರಿಜ್ ಬಾಗಿಲು ಮುಟ್ಟುವಂತಿಲ್ಲ. ಬೇಕಾದ್ದನ್ನು ಜೊತೆಗಿರುವವರೇ ತೆಗೆದುಕೊಡಲಿ.